ಹಂಚಿನ ಮೇಲಿನ ಇಸವಿ

ಪ್ರೀತಿಯ ತಂಗಿ,

ನಿನ್ನ ಪತ್ರ ತಲುಪಿತು. ಬರವಣಿಗೆ ಕಲಿಯಲು ಯಾವ ಕೋರ್ಸಿಗೆ ಸೇರಲಿ, ಯಾವ ಪುಸ್ತಕ ಮೊದಲು ಓದಲಿ, ಒಂದು ಪಟ್ಟಿ ಮಾಡಿ ಕೊಡಿ ಎಂದು ಕೇಳಿದ್ದೀಯ. ಪಟ್ಟಿ ಕೊಡುವುದಿಲ್ಲ. ನಿನಗೆ ಬೇಕಾದದ್ದು ನಿನ್ನ ಪತ್ರದ ಕೊನೆಯ ಪುಟದಲ್ಲೇ ಉಂಟು.

ಮೊದಲ ಪುಟಗಳನ್ನು ತುಂಬಾ ಜಾಗ್ರತೆಯಿಂದ ಬರೆದಿದ್ದೀಯ. ಅದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಕೊನೆಗೆ ಅಜ್ಜಿಮನೆಯ ಹಂಚಿನ ಮಾಡು ಬಿಚ್ಚಿದ ಸುದ್ದಿ ಬಂತು ನೋಡು, ಅಲ್ಲಿ ನಿನ್ನ ಕೈ ಓಡಿದೆ. ಇಳಿಸಿಟ್ಟ ಹಂಚನ್ನು ತಿರುಗಿಸಿದ್ದು, ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಹೆಸರೂ 1865 ಎಂಬ ಇಸವಿಯೂ ಕಂಡದ್ದು, 'ನಮ್ಮ ಮನೆ ಅಷ್ಟು ಹಳೆಯದಾ?' ಎಂದು ಕೇಳಿದ್ದಕ್ಕೆ ಅಜ್ಜಿ 'ಎಂತದು ಹಳೆಯದು, ನನ್ನ ಮಾವ ಕಟ್ಟಿಸಿದ್ದು' ಎಂದದ್ದು. ಇಷ್ಟು ಬರೆದು, ಏನೇನೋ ಹೇಳಿಬಿಟ್ಟೆ, ಕ್ಷಮಿಸಿ ಅಂತ ಮುಗಿಸಿದ್ದೀಯ. ಕ್ಷಮೆ ಯಾಕೆ ಮಾರಾಯ್ತಿ? ನಿನ್ನ ಕಲಿಕೆ ಅಲ್ಲಿಂದಲೇ ಶುರುವಾಗಬೇಕು.

ಇಸವಿಗೂ ಅಜ್ಜಿಯ ಮಾತಿಗೂ ತಾಳೆ ಆಗುತ್ತಿಲ್ಲ. ನಿನ್ನನ್ನು ಕಾಡಿದ್ದೂ ಅದೇ. ಒಂದನ್ನು ಮಾತ್ರ ನಾನು ಹೇಳಿಬಿಡುತ್ತೇನೆ: 1865 ಮಂಗಳೂರಿನ ಜೆಪ್ಪಿನಲ್ಲಿ ಆ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ಕಾಲದ ನಂತರ ಸುಟ್ಟ ಹಂಚಿನ ಮೇಲೂ ಅದನ್ನೇ ಒತ್ತುತ್ತಿದ್ದರು. ಹಾಗಾದರೆ ನಿಮ್ಮ ಮಾಡಿನ ಹಂಚು ಯಾವ ಕಾಲದ್ದು? ಅದನ್ನು ನೀನು ಹುಡುಕು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದವು. ಊರಿನವರ ಕಾರ್ಖಾನೆಗಳೂ ಎದ್ದಿದ್ದವು, ಅವುಗಳ ಮುದ್ರೆ ಬೇರೆ. ಅಜ್ಜಿಮನೆಯ ರಾಶಿಯಲ್ಲಿ ಎರಡು ಮೂರು ಮುದ್ರೆ ಬೆರೆತಿದ್ದರೆ? ಆಗ ಮಾಡು ಯಾವಾಗ ರಿಪೇರಿಯಾಯಿತು, ಆ ವರ್ಷ ಮನೆಯಲ್ಲಿ ದುಡ್ಡು ಎಲ್ಲಿಂದ ಬಂತು ಎಂದೆಲ್ಲ ಅಜ್ಜಿಯ ಹತ್ತಿರ ಕೂತು ಕೇಳಬೇಕಾಗುತ್ತದೆ. ಆ ಯುದ್ಧವನ್ನು ಶಾಲೆಯಲ್ಲಿ ಓದಿ, ಪರೀಕ್ಷೆಗೆ ಬರೆದು, ಮರೆತಿದ್ದೀಯ ಅಲ್ವಾ? ಈ ಸಲ ಮರೆಯಲು ಆಗುವುದಿಲ್ಲ. ಯಾಕೆಂದರೆ ಈ ಸಲ ಅದು ನಿನಗೆ ಬೇಕಾಗಿದೆ.

ನಾನು ಇಷ್ಟು ವರ್ಷಗಳಲ್ಲಿ ಕಂಡುಕೊಂಡದ್ದು ಇದು. ಬೇರೆಯವರು ಕೊಟ್ಟ ವಿಷಯದ ಮೇಲೆ ಬರೆಯುವಾಗ ಮಾಹಿತಿ ಕೈಯಲ್ಲಿ ನಿಲ್ಲುವುದಿಲ್ಲ. ನಮ್ಮದೇ ಕುತೂಹಲದ ಬೆನ್ನು ಹತ್ತಿದಾಗ ಓದು, ತಿರುಗಾಟ, ಬರಹ ಎಲ್ಲ ಒಟ್ಟೊಟ್ಟಿಗೆ ಆಗುತ್ತದೆ.

ಮೊದಲು ಮಾಡು ಬಿಚ್ಚಿದ ಆಚಾರಿಯನ್ನು ಕಾಣು. ಹೋಗುವ ಮುಂಚೆ ನೀನೇ ನಾಲ್ಕು ಹಂಚನ್ನು ನೆಲದ ಮೇಲೆ ಜೋಡಿಸಿ ನೋಡು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರಬೇಕು. ಅಡಿಯಲ್ಲಿ ಸಣ್ಣ ಗಂಟು ಇದೆ, ಅದು ರೀಪಿಗೆ, ಅಂದರೆ ಹಂಚಿನ ಅಡಿಯ ಮರದ ಪಟ್ಟಿಗೆ, ಸಿಕ್ಕಿಕೊಳ್ಳಬೇಕು. ತಪ್ಪು ಜೋಡಿಸು, ಪರವಾಗಿಲ್ಲ. ಸುಮ್ನೆ 'ಹಂಚು ಹೇಗೆ ಹೊದಿಸುತ್ತೀರಿ?' ಎಂದರೆ ಅವರು ಎರಡು ಮಾತು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. 'ನನ್ನ ಈ ಸಾಲು ಯಾಕೆ ಕೂರಲಿಲ್ಲ?' ಎಂದು ಕೇಳಿದರೆ ಕೆಲಸ ಬಿಟ್ಟು ಬಂದು ತೋರಿಸುತ್ತಾರೆ. ರೀಪು, ಅದನ್ನು ಹೊರುವ ಪಕ್ಕಾಸು ನಿನಗೆ ಗೊತ್ತು. ಉಳಿದ ಭಾಗಗಳಿಗೆ ಅವರು ಏನು ಹೆಸರು ಹೇಳುತ್ತಾರೋ ಹಾಗೆಯೇ ಬರೆದುಕೋ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಇರಲಿ.

ಆಮೇಲೆ ಮಣ್ಣು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಜೇಡಿ ಮಣ್ಣು ಇಲ್ಲದಿದ್ದರೆ ಮಂಗಳೂರು ಹಂಚು ಇರುತ್ತಿರಲಿಲ್ಲ. ಮಣ್ಣು ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಟ್ಟ ಹಂಚು ಹಡಗು ಹತ್ತಿ ಆಫ್ರಿಕದವರೆಗೆ ಹೋಯಿತು. ಈ ಕೆಲಸ ಮಾಡಿದವರಲ್ಲಿ ಹೆಂಗಸರೂ ತುಂಬಾ ಜನ ಇದ್ದರು. ತಾರಸಿ ಮನೆಗಳು ಬಂದ ಮೇಲೆ ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. ಅಲ್ಲಿ ದುಡಿದು ಈಗ ವಯಸ್ಸಾದವರನ್ನು ಈ ಮಳೆಗಾಲ ಮುಗಿಯುವುದರೊಳಗೆ ಹುಡುಕಿ ಮಾತಾಡಿಸು. ಇದು ನನ್ನ ಒತ್ತಾಯ ಅಂತಲೇ ತಿಳಿದುಕೋ. ಹಸಿ ಹಂಚು ಎಷ್ಟು ಭಾರ, ಭಟ್ಟಿಯ ಹತ್ತಿರ ಎಷ್ಟು ಹೊತ್ತು ನಿಲ್ಲಬಹುದು, ಇದನ್ನೆಲ್ಲ ಬೇರೆ ಯಾರೂ ನಿನಗೆ ಹೇಳಲಾರರು.

ಕಾಗದಪತ್ರ ಮುಂದಿನ ವರ್ಷ ನೋಡಿದರೂ ನಡೆಯುತ್ತದೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ದಾಖಲೆಗಳಿವೆ. ಹಳೆಯ ವರದಿ ಓದುವುದು ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆ ಹಿಡಿದುಕೊಂಡು ಹೋದವರಿಗೆ ನೂರು ಪುಟದಲ್ಲಿ ಒಂದು ಸಾಲು ಸಿಕ್ಕಿದರೂ ಆ ದಿನ ಊಟ ರುಚಿಸುತ್ತದೆ. ಅಲ್ಲಿ ದಾರಿ ಬದಲಾಗಲೂಬಹುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್ ಇದೇ ಮಿಶನ್ನಿನವರು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇವರ ಮುದ್ರಣಾಲಯದಲ್ಲೇ. ಹಂಚು ಬಿಟ್ಟು ಅಚ್ಚಿನಮನೆಯ ಹಿಂದೆ ಹೋಗಬೇಕು ಅನ್ನಿಸಿದರೆ ಧೈರ್ಯವಾಗಿ ಹೋಗು.

ಒಂದರಲ್ಲಿ ನಿಲ್ಲುವ ಸ್ವಭಾವ ತನ್ನದಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀಯ. ನಮ್ಮ ಕೋಟದ ಶಿವರಾಮ ಕಾರಂತರು ಒಂದರಲ್ಲಿ ನಿಂತವರಾ? ಕಾದಂಬರಿ, ಯಕ್ಷಗಾನ, ವಿಜ್ಞಾನ, ಮಕ್ಕಳಿಗೆ ವಿಶ್ವಕೋಶ, ಎಲ್ಲದಕ್ಕೂ ಕೈಹಾಕಿದರು. ಆದರೆ ಕೈಹಾಕಿದ್ದನ್ನು ದೂರದಿಂದ ನೋಡಲಿಲ್ಲ. ಯಕ್ಷಗಾನದ ಬಗ್ಗೆ ಬರೆದದ್ದಲ್ಲದೆ ಕಲಾವಿದರನ್ನು ಸೇರಿಸಿ ಪ್ರಯೋಗ ಮಾಡಿದರು, ತಾವೂ ಕುಣಿದರು. ಅವರು ಕಾಲೇಜು ಬಿಟ್ಟಿದ್ದರು ಅಂತ ನೀನು ಬಿಡಬೇಡ, ಅದು ಬೇರೆ ಕಾಲ. ನಾಳೆಗೆ ಇನ್ನೊಂದು ಪ್ರಶ್ನೆ ಹುಟ್ಟಿಸುವ ವಿಷಯವನ್ನು ಮುಂದುವರಿಸು, ಹುಟ್ಟಿಸದಿದ್ದರೆ ಬಿಟ್ಟುಬಿಡು.

ದಿನಾ ಸಂಜೆ ಅರ್ಧ ಪುಟ ಬರೆ. ಬೆಳಿಗ್ಗೆ ಏನು ಅಂದುಕೊಂಡಿದ್ದೆ, ಸಂಜೆಗೆ ಏನು ಗೊತ್ತಾಯಿತು, ಇಷ್ಟೇ. ಫೋನಿನಲ್ಲಿ ಹುಡುಕುವ ಮೊದಲು ನಿನ್ನ ಊಹೆಯನ್ನು ಬರೆದಿಡು. ಊಹೆ ಎಲ್ಲಿ ಸುಳ್ಳಾಯಿತೋ ಅಲ್ಲಿ ಓದುಗನಿಗೂ ಆಸಕ್ತಿ ಹುಟ್ಟುತ್ತದೆ.

ಹಳೆಯ ಹಂಚು ಕೊಳ್ಳುವವರು ಲಾರಿ ತರುವ ಮೊದಲು ಎಲ್ಲ ಮುದ್ರೆಗಳ ಫೋಟೋ ತೆಗೆದಿಡು. ಬಲ್ಮಠಕ್ಕೆ ಹೋಗುವ ಮುಂಚೆ ಅನುಮತಿ ಕೇಳಿ, ನನಗೂ ಒಂದು ಫೋನ್ ಮಾಡು. ನಾನೂ ಬರುತ್ತೇನೆ.

ಪ್ರೀತಿಯಿಂದ,
ಅಕ್ಕ