ಮಗಳಿಗೊಂದು ಪತ್ರ: ಈ ಸಲ ಕೂತ್ಕ ಅನ್ನಲ್ಲ

ಪುಟ್ಟಿ,

ಭಾನುವಾರ ಫೋನ್ ಕಟ್ ಆಗಿದ್ದು ನೆಟ್‌ವರ್ಕ್ ಹೋಗಿ ಅಲ್ಲ, ನಾನೇ ಮಾಡಿದ್ದು. ಅಮ್ಮಂಗೆ ನೆಟ್‌ವರ್ಕ್ ಅಂತಲೇ ಹೇಳಿದೀನಿ, ಅವಳು ನಂಬಿಲ್ಲ. ಸ್ಕೀ ಮಾಡೋಕೆ ಫೆಬ್ರವರಿಗೆ ಮತ್ತೆ ಕಾಶ್ಮೀರದ ಗುಲ್ಮಾರ್ಗ್‌ಗೆ ಟಿಕೆಟ್ ಬುಕ್ ಮಾಡಿದೀನಿ ಅಂತ ನೀನು ಅಂದೆ, ಅಲ್ಲೀವರೆಗೂ ಹೆಂಗೋ ತಡ್ಕೊಂಡಿದ್ದೆ. "ಈ ಸಲ ಒಬ್ಳೇ ಹೋಗ್ತೀನಿ ಅಪ್ಪಯ್ಯ, ನೀನು ನೋಡ್ತಾ ನಿಂತಿದ್ರೆ ನಂಗೆ ತಿರುಗ್ಸಕ್ಕೆ ಬರಲ್ಲ" ಅಂದ್ಯಲ್ಲ, ಅದಕ್ಕೆ ಕಟ್ ಮಾಡ್ದೆ.

ಹೋದ ಸಲ ನೀನು ಬಿದ್ದಿದ್ದು, ಮಂಡಿ ಆಪರೇಷನ್ನು, ಊರುಗೋಲು, ಆಮೇಲಿನ ತಿಂಗಳುಗಳು, ಅದೆಲ್ಲ ಬರೆಯಲ್ಲ, ಇಬ್ರಿಗೂ ಗೊತ್ತಿರೋದೇ. ನಾನು ಬರೀಬೇಕು ಅಂತ ಕೂತಿದ್ದು 11 ಸೆಕೆಂಡ್ ಬಗ್ಗೆ.

ನೀನು ಬೀಳೋವಾಗ ನಾನು ತೆಗೀತಿದ್ದ ಆ ವಿಡಿಯೋ ನೀನು ಡಿಲೀಟ್ ಮಾಡಿದೀಯ, ನನ್ನ ಫೋನಲ್ಲಿ ಹಂಗೇ ಇದೆ. ಎಷ್ಟು ಸಲ ನೋಡಿದೀನಿ ಅಂತ ಹೇಳಲ್ಲ, ಬೈತೀಯ. ನಾಲ್ಕನೇ ಸೆಕೆಂಡಿಗೆ ನೀನು ಎಡಕ್ಕೆ ತಿರುಗ್ಸೋಕೆ ಶುರು ಮಾಡ್ತೀಯ. ಹಿಮ್ಮಡಿ ಎರಡೂ ಹೊರಗೆ, ಸ್ಕೀ ಮೂತಿ ಎರಡೂ ಒಂದಕ್ಕೊಂದು ಹತ್ರ, ಇನ್‌ಸ್ಟ್ರಕ್ಟರ್ ಹೇಳಿದ ಹಾಗೆ ಬಲಗಾಲಿಗೆ ಭಾರ. ಎಡಕ್ಕೆ ಹೋಗೋಕೆ ಬಲಗಾಲು ಒತ್ತು ಅನ್ನೋದೇ ನಂಗೆ ಅವತ್ತು ತಲೆಗೆ ಹೋಗಿರ್ಲಿಲ್ಲ, ನೀನು ಅರ್ಧ ಗಂಟೇಲಿ ಹಿಡ್ಕೊಂಡಿದ್ದೆ. ಕೈ ಎರಡೂ ಆರತಿ ತಟ್ಟೆ ಹಿಡಿದ ಹಾಗೆ ಮುಂದಿವೆ. ಆರನೇ ಸೆಕೆಂಡಿಗೆ ಸ್ಕೀ ಸೀದಾ ಇಳಿಜಾರಿನ ಕೆಳಗೆ ನೋಡ್ತವೆ, ಸ್ಪೀಡ್ ಬರುತ್ತೆ. ಏಳಕ್ಕೆ ನನ್ನ ದನಿ. "ಕೂತ್ಕ ಪುಟ್ಟಿ, ಕೂತ್ಕ!" ಎಂಟಕ್ಕೆ ನಿನ್ನ ಸೊಂಟ ಹಿಂದಕ್ಕೆ ಹೋಗುತ್ತೆ. ಆಮೇಲೆ ಫೋನು ಆಕಾಶ ತೋರಿಸ್ತಾ ಇದೆ, ನಾನು ಓಡೋಕೆ ಶುರು ಮಾಡಿದ್ದೆ.

ಯಾಕೆ ಹಂಗೆ ಕೂಗ್ದೆ ಅಂತ ನೀನು ಒಂದು ಸಲಾನೂ ಕೇಳ್ಲಿಲ್ಲ, ಕೇಳಿದ್ರೆ ಒಳ್ಳೇದಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳ ಹೆಂಗಿರುತ್ತೆ, ಪಾಚಿ ಕಟ್ಟಿ, ಅಡಿಕೆ ದಬ್ಬೆ ಹಾಸಿದ್ರೂ ಅದರ ಮೇಲೇ ಜಾರೋದು. ನಿನ್ನಜ್ಜಿ ನಂಗೆ ಹೇಳಿಕೊಟ್ಟಿದ್ದು, ನಾನು ನಿಂಗೆ ಹೇಳಿದ್ದು ಒಂದೇ, ಜಾರೋಕೆ ಶುರುವಾದ್ರೆ ಸೆಣಸಬೇಡ, ಅಲ್ಲೇ ಕೂತ್ಕ. ಐವತ್ತು ವರ್ಷ ಅದು ನನ್ನ ಕಾಪಾಡಿದೆ. ಬಾಯಿಗೆ ಅದೇ ಬಂತು. ಆದ್ರೆ ಪಾಚಿ ಮೇಲೆ ಕೂತ್ರೆ ಅಲ್ಲಿಗೆ ಮುಗೀತು, ಸ್ಕೀ ಕಟ್ಕೊಂಡು ಕೂತ್ರೆ ಮುಗಿಯಲ್ಲ, ಕಾಲು ಹೋಗ್ತಾನೇ ಇರುತ್ತೆ, ಸೊಂಟ ಮಂಡಿಗಿಂತ ಕೆಳಗೆ ಬಂದು ಭಾರ ಎಲ್ಲ ಕೆಳಗಡೆ ಸ್ಕೀಯ ಬಾಲದ ಮೇಲೆ ಬಿದ್ದು ಅದು ಒಳಕ್ಕೆ ತಿರುಚಿಕೊಂಡ್ರೆ ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟು ಎಷ್ಟೋ ಸಲ ಹರಿಯೋದು ಹಾಗಂತೆ, ಅದೂ ಜೋರಾಗಿ ಬಿದ್ದಾಗ್ಲೇ ಅಂತಿಲ್ಲ, ನಿಧಾನವಾಗಿ ಬೀಳೋವಾಗ್ಲೂ. ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗ್ ಕೂಡ ಇಂಥಾ ಬೀಳೋದಕ್ಕೆ ಎಷ್ಟೋ ಸಲ ಬಿಟ್ಕೊಳ್ಳಲ್ಲ. ಓದ್ದೆ ಮಾರಾಯ್ತಿ, ರಾತ್ರಿ ಎರಡು ಗಂಟೆವರೆಗೆ ಓದ್ದೆ. ಓದಬಾರದಿತ್ತು. ಅಷ್ಟು ದೊಡ್ಡ ಬೆಟ್ಟದಲ್ಲಿ ಏನೇನೋ ಕೂಗಬಹುದಿತ್ತು, ಅದೊಂದು ಮಾತೇ ಬರ್ಬೇಕಿತ್ತಾ.

ಇನ್ನೊಂದು ಇದೆ, ಇದು ಅಮ್ಮಂಗೂ ಗೊತ್ತಿಲ್ಲ. ಮಾರನೇ ಬೆಳಿಗ್ಗೆ ಬಾಡಿಗೆ ಸಾಮಾನು ವಾಪಸ್ ಕೊಡೋಕೆ ಹೋದೋನು ಎರಡು ಗಂಟೆ ಬಿಟ್ಟು ಬಂದೆನಲ್ಲ, ಡೆಪಾಸಿಟ್‌ಗೆ ಸತಾಯಿಸಿದ್ರು ಅಂದೆ. ಸುಳ್ಳು. ಇನ್‌ಸ್ಟ್ರಕ್ಟರ್ ಫಿರನ್ ಅನ್ನೋ ಉದ್ದ ನಿಲುವಂಗಿ ಒಳಗೆ ಕಾಂಗ್ಡಿ, ಅದೇ ಕೆಂಡದ ಬುಟ್ಟಿ, ಇಟ್ಕೊಂಡು ಅಲ್ಲೇ ನಿಂತಿದ್ದ, ನಾನು ಅವನ ಹತ್ರ ಹೋಗಿ ನಂಗೊಂದು ಸಲ ತಿರುಗ್ಸೋದು ತೋರ್ಸು ಅಂದೆ. ಮೊದಲ ದಿನ ಒಂದು ಗಂಟೆಗೇ ಬಿಚ್ಚಿಟ್ಟಿದ್ದೆನಲ್ಲ, ಅದೇ ಬೂಟು. ಜಾಗ ನಮ್ಮ ಅಂಗಳಕ್ಕಿಂತ ಸ್ವಲ್ಪ ಇಳಿಜಾರು, ಅಷ್ಟೇ. ಐದು ಸಲ ಬಿದ್ದೆ. ಪ್ರತೀ ಸಲಾನೂ ಅದೇ ಜಾಗ, ಮೂತಿ ಕೆಳಕ್ಕೆ ತಿರುಗ್ತಿದ್ದ ಹಾಗೇ ಮೈ ತನ್ನಷ್ಟಕ್ಕೆ ಹಿಂದಕ್ಕೆ ವಾಲೋದು, ವಾಲಿದ ತಕ್ಷಣ ಮೂತಿ ಹಗುರಾಗಿ ತೇಲಿದ ಹಾಗಾಗಿ ಎಷ್ಟು ಒತ್ತಿದ್ರೂ ಮಾತೇ ಕೇಳಲ್ಲ, ಸೀದಾ ಹೋಗುತ್ತೆ, ನಾವು ಚಿಕ್ಕೋರಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ದರೆ ಜಾರ್ತಿದ್ವಲ್ಲ, ಥೇಟ್ ಹಂಗೆ, ಎಲ್ಲಿಗೆ ಅಂತ ಹಾಳೆನೇ ಹೇಳ್ಬೇಕು. ಅವನು "ಅಂಕಲ್, ಡರ್ ಲಗೇ ತೋ ಆಗೇ ಝುಕೋ" ಅಂದ. ಹೆದರಿಕೆ ಆದ್ರೆ ಮುಂದಕ್ಕೆ ಬಗ್ಗು! ಆರನೇ ಸಲ ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತಿ, ಸ್ಕೀ ನೋಡದೆ ಎಡಗಡೆ ನಿಂತಿದ್ದ ಪೈನ್ ಮರ ನೋಡ್ತಾ ಬಲಗಾಲು ಒತ್ತಿದೆ, ತಿರುಗ್ತು ಪುಟ್ಟಿ. ಆಗುಂಬೆ ಘಾಟೀಲಿ ಮಿನಿ ಬಸ್ಸು ತಿರುಗಿದ ಹಾಗೆ ನಿಧಾನಕ್ಕೆ, ಆದ್ರೆ ತಿರುಗ್ತು. ನೀನು ರೂಮಲ್ಲಿ ಮಂಡಿ ಬಾತುಕೊಂಡು ಮಲಗಿದ್ದೆ, ನಾನು ಅಲ್ಲಿ ಹಿಮದಲ್ಲಿ ಒಬ್ನೇ ನಗ್ತಾ ಇದ್ದೆ. ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತು.

ಉಪದೇಶ ಮಾಡಲ್ಲ ಅಂತಲೇ ಟೈಪ್ ಮಾಡೋಕೆ ಕೂತಿದ್ದು. ಆದ್ರೂ ಕೇಳು. ಬೈಂಡಿಂಗ್ ಸೆಟ್ ಮಾಡೋನು ನಿನ್ನ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ಕೇಳ್ಬೇಕು, ಕೇಳ್ದೇ ಸ್ಕ್ರೂ ತಿರುಗ್ಸಿದ್ರೆ ಆ ಅಂಗಡಿ ಬಿಟ್ಟು ಬಾ. ಸ್ಕೀ ಬರುತ್ತಾ ಅಂದ್ರೆ ಬಿಗಿನರ್ ಅನ್ನು, ಜಂಬ ಬೇಡ, ಬಿಗಿನರ್‌ಗೆ ಬೇಗ ಬಿಟ್ಕೊಳ್ಳೋ ಹಾಗೆ ಸಡಿಲ ಇಡ್ತಾರೆ. ಅಮ್ಮ ಎರಡು ಜೊತೆ ಉಲ್ಲನ್ ಸಾಕ್ಸ್ ತೆಗೆದಿಟ್ಟಿದಾಳೆ, ಎರಡನ್ನೂ ಒಟ್ಟಿಗೆ ಹಾಕ್ಬೇಡ, ದಪ್ಪ ಆಗಿ ಬೂಟೊಳಗೆ ಕಾಲು ಮಡಚ್ಕೊಂಡ್ರೆ ನೀನು ಒತ್ತಿದ್ದು ಸ್ಕೀಗೆ ಗೊತ್ತಾಗಲ್ಲ. ಬೀಳ್ತೀನಿ ಅನ್ನಿಸಿದ್ರೆ ಪಕ್ಕಕ್ಕೆ ಬೀಳು, ಬೆಟ್ಟದ ಕಡೆಗೆ, ಪೂರ್ತಿ ನಿಲ್ಲೋವರೆಗೂ ಏಳೋಕೆ ಹೋಗ್ಬೇಡ. ಗೊಂಡೋಲಾದಲ್ಲಿ, ಆ ಕೇಬಲ್ ಕಾರಲ್ಲಿ, ಎರಡನೇ ಹಂತಕ್ಕೆ, ಅಫರ್ವತ್ ಬೆಟ್ಟದ ಹತ್ರ, ಯಾರು ಕರೆದ್ರೂ ಹೋಗ್ಬೇಡ, ಅದು ಹೆಚ್ಚುಕಮ್ಮಿ 4000 ಮೀಟರ್, ಹಿಮಕುಸಿತ ಆಗೋ ಜಾಗ, ನಿನ್ನ ಸ್ನೋಪ್ಲೋದಲ್ಲಿ, ಅಂದ್ರೆ ಹಿಮ್ಮಡಿ ಹೊರಗಿಟ್ಕೊಂಡು, ಇಳಿಯೋ ಜಾಗ ಅಲ್ಲ. ಸುಸ್ತಾದ್ಮೇಲೆ ಇನ್ನೊಂದೇ ರೌಂಡ್ ಅನ್ಬೇಡ. ನೋಡು, ಶುರುವಾಯ್ತು ನಂದು.

ನೀನು ಸ್ಕೀ ಆಟಗಾರ್ತಿ ತೆಕ್ಕಡ ಭವಾನಿ ಹೆಸರು ಹೇಳಿದ್ದಕ್ಕೆ ಹುಡುಕಿ ನೋಡ್ದೆ. ಕೊಡಗಿನೋರು ಅನ್ನೋದು ಸರಿ, ಆದ್ರೆ ಅವರದ್ದು ನಾರ್ಡಿಕ್ ಸ್ಕೀ, ಹಿಮ್ಮಡಿ ಎತ್ತೋಕೆ ಬರುತ್ತೆ, ನಿಂದು ಬೇರೆ. ಗುಲ್ಮಾರ್ಗ್ ಕಡೆಯೋರೇ ಆದ ಆರಿಫ್ ಖಾನ್, 2022ರ ಬೀಜಿಂಗ್ ವಿಂಟರ್ ಒಲಿಂಪಿಕ್ಸಿಗೆ ನಮ್ಮ ದೇಶದಿಂದ ಹೋಗಿದ್ದು ಅವರೊಬ್ರೇ, ಕಂಬಗಳ ನಡುವೆ ತಿರುಗಿಸ್ಕೊಂಡು ಇಳಿಯೋ ಸ್ಪರ್ಧೆಗಳಲ್ಲಿ, ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ ಬಂತು, ಸ್ಲಾಲಮ್ ಮುಗಿಸೋಕಾಗ್ಲಿಲ್ಲ. ಹುಟ್ಟಿ ಬೆಳೆದೋರಿಗೇ ಹಂಗೆ ಅಂತ ಬರೆಯೋಕೆ ಹೊರಟಿದ್ದೆ. ಅವರು ಮುಗಿಸ್ದೇ ಇದ್ರೂ ಹೋದ್ರು ಅಂತ ನೀನು ವಾಪಸ್ ಹೇಳ್ತೀಯ, ಅದೂ ಗೊತ್ತು.

ಫಿಸಿಯೋ ಒಂಟಿ ಕಾಲಲ್ಲಿ ಕುಪ್ಪಳಿಸೋ ಟೆಸ್ಟಲ್ಲಿ ಒಳ್ಳೆ ಕಾಲಿನ 90 ಪರ್ಸೆಂಟ್ ದಾಟಿದೆ ಅಂದ್ರಂತೆ, ಅಮ್ಮ ಹೇಳಿದ್ಲು. ನೀನು ನಂಗೆ ಹೇಳ್ಲಿಲ್ಲ. ನಾನು ತೋಟದಲ್ಲಿ ಕೊನೆ ತೆಗೆಯೋರಿಗೆಲ್ಲ ಹೇಳ್ಕೊಂಡು ಬಂದೆ, ಅವರಿಗೆ ಏನೂ ಅರ್ಥ ಆಗ್ಲಿಲ್ಲ, ಹೌದಾ ಅಯ್ಯಾ ಅಂದ್ರು.

ಒಬ್ಳೇ ಹೋಗು. ನಾನು ಬರಲ್ಲ. ಬೇಜಾರು ಇಲ್ಲ ಅಂದ್ರೆ ಸುಳ್ಳಾಗುತ್ತೆ, ಇವತ್ತಿಗೆ ಎರಡು ಸುಳ್ಳು ಒಪ್ಕೊಂಡಿದೀನಿ, ಮೂರನೇದು ಬೇಡ.

ಒಂದೇ ಒಂದು ಕೇಳ್ಬೇಕು. ಆ ಏಳನೇ ಸೆಕೆಂಡಲ್ಲಿ ನಿಂಗೆ ನನ್ನ ದನಿ ಕೇಳಿಸಿತ್ತಾ? ಹೆಲ್ಮೆಟ್ ಹಾಕಿದ್ದೆ, ಅದರೊಳಗೆ ಅಮ್ಮ ಕೊಟ್ಟ ಟೋಪಿ ಬೇರೆ, ಗಾಳೀನೂ ಇತ್ತು. ಕೇಳಿಸಿರ್ಲಿಕ್ಕಿಲ್ಲ ಅಂತ ಅಮ್ಮ ಅಂತಾಳೆ. ಉತ್ತರ ಏನಿದ್ರೂ ಫೋನಲ್ಲೇ ಹೇಳು, ಮೆಸೇಜ್ ಮಾಡ್ಬೇಡ. ಅಡಿಕೆ ಸುಲಿಯೋರು ಎಂಟಕ್ಕೆ ಬರ್ತಾರೆ, ಅದಕ್ಕೆ ಮುಂಚೆ ಮಾಡು, ಅಂಗಳದ ಮೂಲೇಲಿ ಸಿಗ್ನಲ್ ಸಿಗೋ ಜಾಗದಲ್ಲೇ ನಿಂತಿರ್ತೀನಿ.

ಅಪ್ಪಯ್ಯ