ಹೊಸ ಕೋವಿ ಅಂಗಡಿ: ನಮ್ಮ ಬೇಡಿಕೆಗಳು

ಸದಸ್ಯರ ಗಮನಕ್ಕೆ,

ಮಡಿಕೇರಿಯಲ್ಲಿ ಕೋವಿ ಅಂಗಡಿ ತೆರೆಯಲಿರುವವರು ಗಿರಾಕಿಗಳಿಗೆ ಏನು ಬೇಕೆಂದು ಕೇಳಿದ್ದಾರೆ. ಗಾಜಿನ ಕಪಾಟಿನ ಮೆರುಗು ಯಾರಿಗೂ ಬೇಡ. ಅಜ್ಜನ ಕಾಲದ ಜೋಡಿ ನಳಿಕೆಯ ಕೋವಿಯನ್ನು ಬಿಚ್ಚಿ ದುರಸ್ತಿ ಮಾಡಬಲ್ಲ ಕೈ ಪಳಗಿದ ಕೆಲಸಗಾರ ಬೇಕು. ಹೊಸದನ್ನು ಮಾರುವುದೇನು ಮಹಾ! ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಹೊತ್ತಿಗೆ 12 ಬೋರಿನ ಕಾಡತೂಸು ಖಾಲಿಯಾಗಿರಬಾರದು. ಚುನಾವಣೆ ವೇಳೆ ಠೇವಣಿ ಇಡುವ ಕೋವಿಗೆ ರಸೀದಿ ಕೊಡಬೇಕು, ಇಡುವ ಕೋಣೆಯಲ್ಲಿ ತೇವ ಇರಬಾರದು. ನಮ್ಮ ಮಳೆಗೆ ಉಕ್ಕೂ ಉಳಿಯುವುದಿಲ್ಲ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ 2029ರವರೆಗೆ ಇದೆ, ನಿಜ. ಹಾಗೆಂದು ವಿನಾಯಿತಿ ಪತ್ರ ತೋರಿಸದೆ ಕಾಡತೂಸು ಕೇಳಿ ಅಂಗಡಿಯವರನ್ನು ಪೇಚಿಗೆ ಸಿಲುಕಿಸಬೇಡಿ.

ಬೇರೆ ಬೇಡಿಕೆಗಳನ್ನು ಭಾನುವಾರದೊಳಗೆ ಇಲ್ಲಿ ಬರೆಯಿರಿ. ಕೋವಿಯ ಫೋಟೊ ಮಾತ್ರ ಹಾಕಬೇಡಿ.