ಕರೆಂಟ್ ಹೋದ ಸೋಮವಾರ

ಮುಲುಂಡ್, ಮುಂಬಯಿ
14-10-2020

ತೀರ್ಥರೂಪರಾದ ಅಪ್ಪನವರಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ಸೋಮವಾರ ಮುಂಬಯಿಯಲ್ಲೆಲ್ಲ ಕರೆಂಟ್ ಹೋದ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿ ನೀವು ಫೋನ್ ಮಾಡಿದಾಗ ಮಾತು ಅರ್ಧಕ್ಕೇ ಕಡಿದುಹೋಯಿತು. "ನಮ್ಮಲ್ಲಿ ದಿನವೂ ಹೋಗುವ ಕರೆಂಟ್ ನಿಮ್ಮಲ್ಲಿ ಒಂದು ದಿನ ಹೋದರೆ ಅದೂ ಸುದ್ದಿಯೇ?" ಎಂದು ನೀವು ನಕ್ಕದ್ದಷ್ಟೇ ಕೇಳಿಸಿತು. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಆಗತಾನೇ ಬೆಳಿಗ್ಗೆ 10 ಗಂಟೆ ದಾಟಿತ್ತು. ಫ್ಯಾನ್ ನಿಂತದ್ದನ್ನು ಕಂಡು ಫ್ಯೂಸ್ ಹೋಗಿರಬೇಕೆಂದು ಬಾಗಿಲು ತೆರೆದರೆ, ಅದೇ ಅನುಮಾನದಿಂದ ನೆರೆಮನೆಗಳವರೂ ಹೊರಗೆ ನಿಂತಿದ್ದರು. ನಮ್ಮದು ಹನ್ನೊಂದನೆಯ ಮಹಡಿ. ಪಂಪು ನಿಂತ ಮೇಲೆ ಮೇಲಿನ ಟ್ಯಾಂಕಿನಲ್ಲಿ ಇದ್ದಷ್ಟೇ ನೀರು. ಊರಿನಂತೆ ಕೊಡ ಹಿಡಿದು ಬಾವಿಗೆ ಹೋಗುವ ಹಾಗಿಲ್ಲ. ನಿಮ್ಮ ಮೊಮ್ಮಗಳ ಆನ್‌ಲೈನ್ ಪರೀಕ್ಷೆ ಮುಂದಕ್ಕೆ ಹೋಯಿತು, ಅದಕ್ಕಾಗಿ ಅವಳೇನೂ ದುಃಖಪಡಲಿಲ್ಲ.

ನನಗೆ ಭಯವಾದದ್ದು ನಿಮ್ಮ ಅಳಿಯಂದಿರ ಬಗ್ಗೆ. ಕೊರೊನಾದಿಂದಾಗಿ ಲೋಕಲ್ ರೈಲು ಈಗ ಅಗತ್ಯ ಸೇವೆಯವರಿಗೆ ಮಾತ್ರ ಇರುವುದರಿಂದ, ಆಸ್ಪತ್ರೆಯ ಕೆಲಸದ ಇವರು ಅದರಲ್ಲೇ ಹೊರಟಿದ್ದರು. ವಿಕ್ರೋಳಿ ದಾಟಿದೊಡನೆ ರೈಲು ನಿಂತಿತು. ಕಾದು ಕಾದು ಬೇಸತ್ತವರು ಒಬ್ಬೊಬ್ಬರಾಗಿ ಇಳಿದು ಹಳಿಯ ಜಲ್ಲಿಯ ಮೇಲೆ ನಡೆಯತೊಡಗಿದಾಗ ಇವರೂ ಘಾಟ್ಕೋಪರಿನವರೆಗೆ ನಡೆದರಂತೆ. ಅಷ್ಟು ಹೊತ್ತೂ ಫೋನ್ ತಾಗಲಿಲ್ಲ. ನಮ್ಮ ಮಾರ್ಗದ ರೈಲುಗಳು ಮತ್ತೆ ಹೊರಟಾಗ ಸುಮಾರು 12-30 ಆಗಿತ್ತು.

ಕರೆಂಟ್ ಹೋದದ್ದೇಕೆಂದರೆ, ಮುಂಬಯಿಯ ಹೊರಗಿನ ಪಡಘಾ ವಿದ್ಯುತ್ ಕೇಂದ್ರದಿಂದ ಕಳವಾದ ಕೇಂದ್ರಕ್ಕೆ ಬರುವ 400 ಕಿಲೋವೋಲ್ಟಿನ ವಿದ್ಯುತ್ ಮಾರ್ಗಗಳಲ್ಲಿ ಒಂದು ದುರಸ್ತಿಯಲ್ಲಿತ್ತು, ಅದರ ಭಾರ ಹೊತ್ತಿದ್ದ ಇನ್ನೊಂದರಲ್ಲಿ ದೋಷ ಕಾಣಿಸಿಕೊಂಡಿತು ಎಂದು ರಾಜ್ಯದ ಇಂಧನ ಸಚಿವರು ಹೇಳಿದ್ದಾರೆ. ಹೊರಗಿನ ವಿದ್ಯುತ್ ಜಾಲ ಕುಸಿದರೆ ಅದರ ಸಂಪರ್ಕ ಕಡಿದುಕೊಂಡು ನಗರ ತನ್ನ ವಿದ್ಯುತ್ತಿನಲ್ಲೇ ನಡೆಯಲಿ ಎಂದು ಇಲ್ಲಿ ದಶಕಗಳ ಹಿಂದೆಯೇ "ಐಲ್ಯಾಂಡಿಂಗ್" ಎಂಬ ಏರ್ಪಾಡು ಮಾಡಿದ್ದರು. ಅಂದು ಅದೂ ಕೈಕೊಟ್ಟಿತು. ಆ ಭರವಸೆಯಲ್ಲೇ ನಾವು ಇಷ್ಟು ವರ್ಷ ಮನೆಯಲ್ಲಿ ಒಂದು ಮೇಣದಬತ್ತಿಯನ್ನೂ ಇಟ್ಟುಕೊಂಡಿರಲಿಲ್ಲ. ತ್ರೀಫೇಸ್ ಬರುವ ಹೊತ್ತನ್ನು ನೋಡಿಕೊಂಡು ಹೊಲಕ್ಕೆ ನೀರು ಬಿಡುವ ನಿಮಗೆ ನಗು ಬಂದದ್ದು ಸಹಜವೇ.

ನಮ್ಮ ಕಟ್ಟಡಕ್ಕೆ ಕರೆಂಟ್ ಬಂದದ್ದು ಸಂಜೆ. ದೀಪಾವಳಿಗೆ ತಮ್ಮ ಇಲ್ಲಿಗೆ ಬರುವುದಾದರೆ ಅಟ್ಟದ ಮೇಲಿನ ಕಂದೀಲನ್ನು ಅವನ ಕೈಯಲ್ಲಿ ಕಳುಹಿಸಿಕೊಡಿ. ಸೀಮೆಎಣ್ಣೆ ಎಲ್ಲಿಂದ ತರುತ್ತೀ ಎಂದು ಅಮ್ಮ ಕೇಳುತ್ತಾಳೆ. ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ.

ಇಂತಿ ನಿಮ್ಮ ಮಗಳು